ಗೋಲಿ, ಬಸ್ಸು, ಘಾಟಿ ರೈಲು: ಚಲನೆಯ ಪಾಠವನ್ನು ಅಳೆದು ಕಲಿಯುವ ದಾರಿ

ಒಂಬತ್ತನೇ ತರಗತಿಯಲ್ಲಿ ಚಲನೆಯ ಪಾಠ ಮುಗಿದ ಮಾರನೇ ದಿನ ಬೋರ್ಡಿನ ಮೇಲೆ ಒಂದು ಗ್ರಾಫ್ ಬರೆಯುವುದು ನನ್ನ ಅಭ್ಯಾಸ. ಅಡ್ಡಕ್ಕೆ ಕಾಲ, ಮೇಲಕ್ಕೆ ದೂರ. ಗೆರೆ ಸ್ವಲ್ಪ ಏರುತ್ತದೆ, ಆಮೇಲೆ ಮಟ್ಟಸವಾಗಿ ಹೋಗುತ್ತದೆ, ಮತ್ತೆ ಏರುತ್ತದೆ. "ಈ ಬಸ್ಸು ಏನ್ ಮಾಡ್ತಿದೆ ಹೇಳ್ರಪ್ಪಾ" ಅಂದರೆ ಹಿಂದಿನ ಬೆಂಚಿನಿಂದ ಉತ್ತರ ತಕ್ಷಣ ಬರುತ್ತದೆ: "ಮೊದ್ಲು ಏರು ಹತ್ತುತ್ತೆ ಮಿಸ್. ಆಮೇಲೆ ಸಮತಟ್ಟು ರೋಡು. ಆಮೇಲೆ ಇನ್ನೊಂದ್ ಏರು."

ಸಕಲೇಶಪುರದ ಕಡೆಯ ಮಕ್ಕಳು. ಗೆರೆ ಮೇಲಕ್ಕೆ ಹೋದರೆ ಅವರ ಕಣ್ಣಿಗೆ ಅದು ಗುಡ್ಡವೇ. ಇದೇ ಮಕ್ಕಳು ಮೂರು ಸಮೀಕರಣಗಳನ್ನೂ ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ. ಮಟ್ಟಸ ಗೆರೆ ಎಂದರೆ ಬಸ್ಸು ನಿಂತಿದೆ, ಕಾಲ ಮಾತ್ರ ಓಡುತ್ತಿದೆ ಎಂಬುದು ಮಾತ್ರ ಹೊಳೆಯುವುದಿಲ್ಲ. ಬೇರೆಯವರು ಬರೆದ ಗ್ರಾಫನ್ನು ಎಷ್ಟು ನೋಡಿದರೂ ಇದು ಸರಿಹೋಗುವುದಿಲ್ಲ. ತಾನೇ ಕೂತ ಬಸ್ಸಿನ ಗ್ರಾಫನ್ನು ತಾನೇ ಒಂದು ಸಲ ಬರೆದವರು ಮತ್ತೆ ತಪ್ಪಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಈ ಪಾಠದಲ್ಲಿ ನನ್ನ ಕ್ರಮ ಇಷ್ಟೇ: ಮೊದಲು ಅಳತೆ, ಆಮೇಲೆ ಸೂತ್ರ.

ಬೇಕಾದ ಸಾಮಾನು ಕಡಿಮೆ. ಸ್ಟಾಪ್‌ವಾಚ್ ಇರುವ ಮೊಬೈಲು, ಅಳತೆ ಟೇಪು, 30 ಸೆಂ.ಮೀ. ಸ್ಕೇಲು, ಗ್ರಾಫ್ ಹಾಳೆ, ಒಂದೆರಡು ಗೋಲಿ. ಜೊತೆಗೆ ಮನೆ ವೈರಿಂಗ್‌ಗೆ ಗೋಡೆಗೆ ಹೊಡೆಯುತ್ತಾರಲ್ಲ, ಆ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ, ಎರಡು ಮೀಟರಿನದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮೇಲಿನ ಮುಚ್ಚಳ ತೆಗೆದರೆ ಒಳ್ಳೆಯ ಕಾಲುವೆ.

ಮೊದಲು ನಿಮ್ಮ ಕಾಲು

ಶಾಲೆಯ ಮೈದಾನದಲ್ಲಿ ಟೇಪಿನಿಂದ 50 ಮೀಟರ್ ಗುರುತು ಮಾಡಿ. ಎಂದಿನಂತೆ ನಡೆಯಿರಿ, ಹೆಜ್ಜೆ ಎಣಿಸಿ. ಗೆಳೆಯರೊಬ್ಬರು ಸಮಯ ಹಿಡಿಯಲಿ. ಮೂರು ಸಲ ನಡೆದು ಸರಾಸರಿ ತೆಗೆಯಿರಿ. ಒಂದೇ ಸಲದ ಅಳತೆಯನ್ನು ನಂಬಬೇಡಿ, ಯಾರಾದರೂ ನೋಡುತ್ತಿದ್ದಾರೆ ಅಂದರೆ ಎಲ್ಲರ ನಡಿಗೆಯೂ ಬದಲಾಗುತ್ತದೆ!

68 ಹೆಜ್ಜೆ, 40 ಸೆಕೆಂಡ್ ಬಂತು ಅನ್ನಿ. 50ನ್ನು 40ರಿಂದ ಭಾಗಿಸಿದರೆ ಸೆಕೆಂಡಿಗೆ 1.25 ಮೀಟರ್. ಇದು ನಿಮ್ಮ ಜವ. ಗಂಟೆಯ ಲೆಕ್ಕಕ್ಕೆ ತರಲು 18ರಿಂದ ಗುಣಿಸಿ 5ರಿಂದ ಭಾಗಿಸಿ: ಗಂಟೆಗೆ 4.5 ಕಿ.ಮೀ. ಈ 18, 5 ಎಲ್ಲಿಂದ ಬಂತು? ಒಂದು ಕಿಲೋಮೀಟರಿಗೆ 1000 ಮೀಟರ್, ಒಂದು ಗಂಟೆಗೆ 3600 ಸೆಕೆಂಡ್. 3600ನ್ನು 1000ದಿಂದ ಭಾಗಿಸಿ ಸಂಕ್ಷೇಪಿಸಿದರೆ 18/5. ಗುಣಿಸಬೇಕೋ ಭಾಗಿಸಬೇಕೋ ಎಂದು ಪರೀಕ್ಷೆಯಲ್ಲಿ ಗೊಂದಲವಾದರೆ ನಿಮ್ಮ ನಡಿಗೆಯನ್ನೇ ನೆನಪಿಸಿಕೊಳ್ಳಿ. ಸೆಕೆಂಡಿಗೆ ಒಂದು ಚಿಲ್ಲರೆ ಮೀಟರ್, ಗಂಟೆಗೆ ನಾಲ್ಕೈದು ಕಿ.ಮೀ. ಗಂಟೆಯ ಅಂಕಿಯೇ ಯಾವಾಗಲೂ ದೊಡ್ಡದು.

ಕ್ರಿಕೆಟ್ ಹುಚ್ಚಿನವರಿಗೆ ಇನ್ನೊಂದು. ನಮ್ಮ ಜಿಲ್ಲೆಯ ಜಾವಗಲ್ ಊರನ್ನು ಹೆಸರಿನಲ್ಲೇ ಇಟ್ಟುಕೊಂಡಿರುವ ಶ್ರೀನಾಥ್ ಥರದ ವೇಗದ ಬೌಲರ್ ಗಂಟೆಗೆ 144 ಕಿ.ಮೀ. ಜವದಲ್ಲಿ ಎಸೆದರೆ ಸೆಕೆಂಡಿಗೆ ಎಷ್ಟು ಮೀಟರ್? 40. ಪಿಚ್ಚಿನ ಉದ್ದ ಸುಮಾರು 20 ಮೀಟರ್. ಬ್ಯಾಟು ಹಿಡಿದವನ ಪಾಲಿಗೆ ಸಿಗುವುದು ಹೆಚ್ಚೆಂದರೆ ಅರ್ಧ ಸೆಕೆಂಡ್.

ದೂರ ಬೇರೆ, ಸ್ಥಾನಪಲ್ಲಟ ಬೇರೆ

ಹೆಜ್ಜೆಯ ಉದ್ದ ಗೊತ್ತಾಯಿತಲ್ಲ (50ನ್ನು 68ರಿಂದ ಭಾಗಿಸಿ, ಸುಮಾರು 73 ಸೆಂ.ಮೀ.), ಇನ್ನು ಟೇಪು ಬೇಡ. ಮನೆಯಿಂದ ಬಸ್ ಸ್ಟಾಪಿಗೆ ಹೆಜ್ಜೆ ಎಣಿಸುತ್ತಾ ಹೋಗಿ, ತಿರುವು ಬಂದಾಗಲೆಲ್ಲ ಬರೆದುಕೊಳ್ಳಿ. ಪೂರ್ವಕ್ಕೆ 300 ಮೀಟರ್, ಅಲ್ಲಿಂದ ಉತ್ತರಕ್ಕೆ 400 ಮೀಟರ್ ಬಂತು ಎನ್ನಿ. ಗ್ರಾಫ್ ಹಾಳೆಯಲ್ಲಿ ಹಾಕಿ, ಮನೆಯಿಂದ ಸ್ಟಾಪಿಗೆ ನೇರ ಗೆರೆ ಎಳೆದು ಅಳೆಯಿರಿ. ನಡೆದ ದೂರ 700 ಮೀಟರ್, ಸ್ಥಾನಪಲ್ಲಟ 500 ಮೀಟರ್. ಎಸ್ಟೇಟಿನ ಒಳಗಿಂದ ಕಾಲುದಾರಿ ಇರುವ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಡಾಂಬರು ರಸ್ತೆ ಬಿಟ್ಟು ತೋಟಕ್ಕೆ ನುಗ್ಗುವಾಗ ಅವರು ಮಾಡುವುದು ಇದನ್ನೇ.

ಸ್ಥಾನಪಲ್ಲಟಕ್ಕೆ ದಿಕ್ಕು ಬೇಕು, ದೂರಕ್ಕೆ ಬೇಡ. ದೂರವನ್ನು ಕಾಲದಿಂದ ಭಾಗಿಸಿದರೆ ಜವ, ಸ್ಥಾನಪಲ್ಲಟವನ್ನು ಭಾಗಿಸಿದರೆ ವೇಗ. ಶ್ರವಣಬೆಳಗೊಳದಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಗೊಮ್ಮಟನನ್ನು ನೋಡಿ, ಚಪ್ಪಲಿ ಬಿಟ್ಟ ಜಾಗಕ್ಕೇ ಇಳಿದು ಬಂದರೆ ನಿಮ್ಮ ಸ್ಥಾನಪಲ್ಲಟ ಸೊನ್ನೆ, ಸರಾಸರಿ ವೇಗವೂ ಸೊನ್ನೆ. ಮೊಣಕಾಲಿಗೆ ಇದನ್ನು ಹೇಳಲು ಹೋಗಬೇಡಿ.

ಈಗ ಬಸ್ಸು

ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ಎಡಬದಿಯ ಕಿಟಕಿ ಸೀಟು ಹಿಡಿಯಿರಿ, ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳು ಅಲ್ಲಿಂದ ಚೆನ್ನಾಗಿ ಕಾಣುತ್ತವೆ. ಒಂದು ಕಲ್ಲು ಕಂಡ ಕ್ಷಣ ಸ್ಟಾಪ್‌ವಾಚ್ ಒತ್ತಿ, ಮುಂದಿನ ಪ್ರತಿ ಕಲ್ಲಿಗೂ ಸಮಯ ಬರೆದುಕೊಳ್ಳಿ. ನಡುವೆ ಬಸ್ಸು ನಿಂತರೆ ನಿಂತ ಸಮಯ, ಮತ್ತೆ ಹೊರಟ ಸಮಯ ಎರಡನ್ನೂ ಬರೆದುಕೊಳ್ಳಿ. ಕೆಲವು ಕಡೆ ನಡುನಡುವೆ 2, 4, 6, 8 ಎಂದು ಬರೆದ ಚಿಕ್ಕ ಕಲ್ಲುಗಳೂ ಇರುತ್ತವೆ. ಅವು 200 ಮೀಟರಿಗೊಂದು. ರಸ್ತೆ ಅಗಲ ಮಾಡುವಾಗ ಕಲ್ಲು ಹೋಗಿದ್ದರೆ ಮೊಬೈಲಿನ ಮ್ಯಾಪಿನಲ್ಲಿ ಒಂದು ಸೇತುವೆಯಿಂದ ಇನ್ನೊಂದು ಬಸ್ ಸ್ಟಾಪಿಗೆ ದೂರ ನೋಡಿಟ್ಟುಕೊಂಡರೂ ಆಗುತ್ತದೆ. ಕಲ್ಲುಗಳ ಮಟ್ಟಿಗೆ ನಿಮ್ಮ ಪಟ್ಟಿ ಹೀಗಿರಬಹುದು:

ಆರಂಭ: 0 ಕಿ.ಮೀ., 0 ನಿಮಿಷ
1 ಕಿ.ಮೀ.: 1 ನಿಮಿಷ 15 ಸೆಕೆಂಡ್
2 ಕಿ.ಮೀ.: 2 ನಿಮಿಷ 15 ಸೆಕೆಂಡ್
3 ಕಿ.ಮೀ.: 3 ನಿಮಿಷ 15 ಸೆಕೆಂಡ್
4 ಕಿ.ಮೀ.: 7 ನಿಮಿಷ
5 ಕಿ.ಮೀ.: 8 ನಿಮಿಷ 30 ಸೆಕೆಂಡ್
6 ಕಿ.ಮೀ.: 9 ನಿಮಿಷ 42 ಸೆಕೆಂಡ್

ಮನೆಗೆ ಬಂದು ಗ್ರಾಫ್ ಹಾಕಿ. ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ದೂರ. ಎರಡನೇ, ಮೂರನೇ ಕಿಲೋಮೀಟರಿನಲ್ಲಿ ಗೆರೆ ಕಡಿದಾಗಿದೆ. ನಿಮಿಷಕ್ಕೊಂದು ಕಿಲೋಮೀಟರ್, ಗಂಟೆಗೆ 60. ಮೂರು ದಾಟಿದ ಮೇಲೆ ಬಾಳ್ಳುಪೇಟೆಯಲ್ಲಿ ಜನ ಇಳಿದರು, ಹತ್ತಿದರು, ಕಂಡಕ್ಟರ್ ಯಾರಿಗೋ ಚಿಲ್ಲರೆ ವಾಪಸ್ ಕೊಟ್ಟರು. ಅಷ್ಟೂ ಹೊತ್ತು ದೂರ ಕೂಡಲಿಲ್ಲ, ನಿಮಿಷ ಕೂಡಿತು. ಗೆರೆ ಅಡ್ಡಡ್ಡ ಮಲಗಿತು. ಈ ಮಲಗಿದ ಗೆರೆಯನ್ನು ನಿಮ್ಮ ಕೈಯಲ್ಲೇ ಎಳೆದ ಮೇಲೆ ಅದು ನಿಮಗೆ ಸಮತಟ್ಟು ರಸ್ತೆಯಾಗಿ ಕಾಣುವುದಿಲ್ಲ. ಹಾಗೆಯೇ ಶಿರಾಡಿಯಲ್ಲಿ ಬಸ್ಸು ಇಳಿಜಾರಿನಲ್ಲಿ ಹೋಗುವಾಗಲೂ ಗೆರೆ ಮೇಲಕ್ಕೇ ಹೋಗುತ್ತದೆ. ಗೆರೆಯ ಓರೆ ಜವವನ್ನು ಹೇಳುತ್ತದೆ, ರಸ್ತೆಯ ಏರಿಳಿತಕ್ಕೂ ಅದಕ್ಕೂ ಸಂಬಂಧವಿಲ್ಲ. ನಡೆದ ದೂರದ ಗ್ರಾಫಿನಲ್ಲಿ ಗೆರೆ ಕೆಳಗಿಳಿಯುವುದು ಸಾಧ್ಯವೇ? ಉತ್ತರ ನಾನು ಹೇಳುವುದಿಲ್ಲ. ಬಸ್ಸಿನ ಓಡೋಮೀಟರ್ ಯಾವತ್ತಾದರೂ ಹಿಂದಕ್ಕೆ ತಿರುಗಿದ್ದುಂಟೇ ಎಂದು ಯೋಚಿಸಿ.

ಒಟ್ಟು 6 ಕಿ.ಮೀ.ಗೆ 582 ಸೆಕೆಂಡ್. ಸರಾಸರಿ ಜವ ಗಂಟೆಗೆ ಸುಮಾರು 37 ಕಿ.ಮೀ. ನೋಡಿ, ಒಂದೊಂದು ಕಿಲೋಮೀಟರಿನ ಜವವನ್ನು ಕೂಡಿ ಆರರಿಂದ ಭಾಗಿಸಿದರೆ ಈ ಉತ್ತರ ಬರುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. ಹಾಸನದಿಂದ ಹೋಗುವಾಗ ಗಂಟೆಗೆ 40, ಬರುವಾಗ 60 ಆದರೆ ಸರಾಸರಿ 50 ಎಂದು ತರಗತಿಯ ಮುಕ್ಕಾಲು ಪಾಲು ಬರೆಯುತ್ತಾರೆ. ಹೋಗಲು 1 ಗಂಟೆ, ಬರಲು 40 ನಿಮಿಷ, ಒಟ್ಟು 80 ಕಿ.ಮೀ.ಗೆ 100 ನಿಮಿಷ. ಸರಾಸರಿ 48. ನಿಧಾನವಾಗಿ ಹೋದ ದಾರಿಯಲ್ಲಿ ಬಸ್ಸು ಹೆಚ್ಚು ಹೊತ್ತು ಇತ್ತು, ಅದರ ತೂಕ ಲೆಕ್ಕದಲ್ಲೂ ಹೆಚ್ಚು.

ವೇಗೋತ್ಕರ್ಷ ಮತ್ತು ಬ್ರೇಕು

ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬುದೇ ವೇಗೋತ್ಕರ್ಷ. ನಿಂತ ಬಸ್ಸು ಹೊರಟು 10 ಸೆಕೆಂಡಿನಲ್ಲಿ ಗಂಟೆಗೆ 36 ಕಿ.ಮೀ. ತಲುಪಿತು ಅನ್ನಿ. 36 ಅಂದರೆ ಸೆಕೆಂಡಿಗೆ 10 ಮೀಟರ್. ಪ್ರತಿ ಸೆಕೆಂಡಿಗೂ ವೇಗಕ್ಕೆ 1 ಮೀಟರ್ ಕೂಡುತ್ತಾ ಹೋಯಿತು, ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 1 ಮೀಟರ್. ಮುಂದಿನ ಸೀಟಿನಿಂದ ಸ್ಪೀಡೋಮೀಟರ್ ಕಾಣುವಂತಿದ್ದರೆ ನೀವೇ ಅಳೆಯಬಹುದು, ಡ್ರೈವರ್ ಅಣ್ಣನನ್ನು ಮಾತಾಡಿಸದೆ.

ಬ್ರೇಕ್ ಹಾಕಿದಾಗ ಇದೇ ಲೆಕ್ಕ, ಚಿಹ್ನೆ ಮಾತ್ರ ಋಣ. ಪುಸ್ತಕದ ಮೂರನೇ ಸಮೀಕರಣ ಇಲ್ಲಿ ಜೀವ ಉಳಿಸುವ ಸಮೀಕರಣ: ನಿಲ್ಲಲು ಬೇಕಾದ ದೂರ = ವೇಗದ ವರ್ಗ ÷ (2 × ವೇಗ ಇಳಿಯುವ ದರ). ಒಣ ರಸ್ತೆಯಲ್ಲಿ ಬ್ರೇಕು ಸೆಕೆಂಡಿಗೆ 5 ಮೀಟರಿನಂತೆ ವೇಗ ಇಳಿಸುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ನಿಲ್ಲಲು 7 ಮೀಟರ್ ಸಾಕು. 60 ಇದ್ದರೆ 14 ಅಲ್ಲ, 28 ಮೀಟರ್. ವೇಗ ಇಮ್ಮಡಿ, ದೂರ ನಾಲ್ಕು ಪಟ್ಟು, ಏಕೆಂದರೆ ಅಲ್ಲಿರುವುದು ವರ್ಗ. ಮಳೆಗಾಲದಲ್ಲಿ ಒದ್ದೆ ಎಲೆ ಬಿದ್ದ ಚಾರ್ಮಾಡಿ ರಸ್ತೆಯಲ್ಲಿ ಟಯರಿನ ಹಿಡಿತ ಅರ್ಧಕ್ಕಿಳಿದರೆ ಆ 28, 56 ಆಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 17 ಮೀಟರ್. ಒಟ್ಟು 70 ಮೀಟರ್ ಮೇಲಾಯಿತು. ಮಂಜಿನಲ್ಲಿ 30 ಮೀಟರ್ ಮುಂದೆ ಏನೂ ಕಾಣದ ದಿನ ಎಷ್ಟು ವೇಗದಲ್ಲಿ ಹೋದರೆ ಕಾಣುವ ದೂರದೊಳಗೆ ನಿಲ್ಲಬಹುದು? ಬೈಕಿರುವ ಅಣ್ಣಂದಿರನ್ನು ಕೂರಿಸಿಕೊಂಡು ಈ ಲೆಕ್ಕ ಮಾಡಿ.

ಆ ಒಂದು ಸೆಕೆಂಡಿನಲ್ಲಿ ನಿಮ್ಮ ಪಾಲೆಷ್ಟು ಎಂದು ತಿಳಿಯಲು ಸ್ಕೇಲು ಸಾಕು. ಗೆಳತಿ ಸ್ಕೇಲನ್ನು ನೇರ ಹಿಡಿಯಲಿ, ಸೊನ್ನೆ ಕೆಳಗಿರಲಿ. ನಿಮ್ಮ ಎರಡು ಬೆರಳು ಸೊನ್ನೆಯ ಆಚೀಚೆ, ಮುಟ್ಟದಂತೆ. ಹೇಳದೆ ಕೇಳದೆ ಅವಳು ಬಿಡಬೇಕು, ನೀವು ಹಿಡಿಯಬೇಕು. 20 ಸೆಂ.ಮೀ. ಗುರುತಿನಲ್ಲಿ ಸಿಕ್ಕಿದರೆ ನಿಮಗೆ ಹಿಡಿದ ಸಮಯ 0.2 ಸೆಕೆಂಡ್. 15ರಲ್ಲಿ ಸಿಕ್ಕಿದರೆ ಸುಮಾರು 0.17. ಇದು ಬರೀ ಬೆರಳು ಮುಚ್ಚುವ ಸಮಯ, ಅದೂ ಮೊದಲೇ ಸಿದ್ಧವಾಗಿ ಕಾಯುತ್ತಿದ್ದಾಗ. ಈ 0.2 ಸೆಕೆಂಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೋಲಿಯ ಪ್ರಯೋಗ

ಬೀಳುವ ವಸ್ತುವನ್ನು ನೇರವಾಗಿ ಅಳೆಯಲು ಹೋದರೆ ಸೋಲುತ್ತೀರಿ. ಒಂದೂವರೆ ಮೀಟರ್ ಮೇಲಿಂದ ಕಲ್ಲು ಬೀಳಲು ಅರ್ಧ ಸೆಕೆಂಡಿನ ಆಸುಪಾಸು. ನಿಮ್ಮ ಬೆರಳೇ 0.2 ಸೆಕೆಂಡ್ ತಡ ಮಾಡುತ್ತದೆ. ನಾನೂರು ವರ್ಷದ ಹಿಂದೆ ಗೆಲಿಲಿಯೋಗೆ ಇದ್ದ ತೊಂದರೆಯೂ ಇದೇ, ಅವನ ಬಳಿ ಸ್ಟಾಪ್‌ವಾಚೂ ಇರಲಿಲ್ಲ. ಅವನು ಬೀಳುವಿಕೆಯನ್ನೇ ನಿಧಾನ ಮಾಡಿದ: ಇಳಿಜಾರಾದ ಕಾಲುವೆಯಲ್ಲಿ ಕಂಚಿನ ಗುಂಡು ಉರುಳಿಸಿದ, ಅಷ್ಟು ಹೊತ್ತಿಗೆ ಪಾತ್ರೆಯಿಂದ ಸಣ್ಣ ಧಾರೆಯಲ್ಲಿ ಸುರಿದ ನೀರನ್ನು ತೂಗಿ ಕಾಲ ಲೆಕ್ಕ ಹಾಕಿದ.

ನಾವೂ ಹಾಗೇ ಮಾಡೋಣ. ಕೇಸಿಂಗ್ ಪಟ್ಟಿಯನ್ನು ನೆಲದ ಮೇಲೆ ಮಲಗಿಸಿ, ಮೊದಲು ಎರಡೂ ತುದಿ ಮಟ್ಟ ಇದೆಯೇ ನೋಡಿ. ಗಾರೆ ಕೆಲಸದವರ ರಸಮಟ್ಟ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಗೋಲಿಯನ್ನು ನಡುವೆ ಇಡಿ, ತಾನಾಗಿ ಹೊರಟರೆ ನೆಲ ಓರೆ. ಆಮೇಲೆ ಒಂದು ತುದಿಯ ಕೆಳಗೆ ಪುಸ್ತಕ ಇಟ್ಟು ಸರಿಯಾಗಿ 4 ಸೆಂ.ಮೀ. ಎತ್ತರಿಸಿ. ಪಟ್ಟಿ ನಡುವೆ ಬಾಗದಂತೆ ಕೆಳಗೆ ಎರಡು ಕಡೆ ಆನಿಕೆ ಕೊಡಿ. ಮೇಲಿನ ತುದಿಯಿಂದ 50 ಸೆಂ.ಮೀ.ಗೆ ಒಂದು ಗುರುತು, 2 ಮೀಟರಿಗೆ ಇನ್ನೊಂದು. (ಮೊದಮೊದಲು ನಾನು ಮಲೆನಾಡಿನ ಅಭಿಮಾನಕ್ಕೆ ಸೀಳಿದ ಅಡಿಕೆ ದಬ್ಬೆಯಲ್ಲಿ ಮಾಡಲು ಹೋಗಿದ್ದೆ. ಗೋಲಿ ನಾರಿಗೆ ಸಿಕ್ಕಿಕೊಂಡು ಅರ್ಧದಲ್ಲೇ ನಿಂತಿತು. ಮಕ್ಕಳಿಗೆ ಘರ್ಷಣೆಯ ಪಾಠ ಮಾತ್ರ ಪುಕ್ಕಟೆ ಆಯಿತು.)

ಗೋಲಿಯನ್ನು ತಳ್ಳಬಾರದು. ಮುಂದೆ ಪೆನ್ಸಿಲ್ ಅಡ್ಡ ಹಿಡಿದು, ಅದನ್ನು ಸರಕ್ಕನೆ ತೆಗೆಯಬೇಕು. 50 ಸೆಂ.ಮೀ. ಗುರುತಿಗೆ ಐದು ಸಲ ಸಮಯ ಹಿಡಿಯಿರಿ, 2 ಮೀಟರಿಗೆ ಐದು ಸಲ. ಮೊದಲನೆಯದು 2.7 ಸೆಕೆಂಡಿನ ಹತ್ತಿರ, ಎರಡನೆಯದು 5.4ರ ಹತ್ತಿರ ಬರಬೇಕು. ದೂರ ನಾಲ್ಕು ಪಟ್ಟು, ಕಾಲ ಎರಡೇ ಪಟ್ಟು. ದೂರ ಕಾಲದ ವರ್ಗದಂತೆ ಬೆಳೆಯುತ್ತದೆ ಎಂಬ ಸೂತ್ರವನ್ನು ಕಣ್ಣಾರೆ ಕಂಡಹಾಗಾಯಿತು. ಮೊದಲ 2.7 ಸೆಕೆಂಡಿನಲ್ಲಿ ಅರ್ಧ ಮೀಟರ್, ಮುಂದಿನ 2.7 ಸೆಕೆಂಡಿನಲ್ಲಿ ಒಂದೂವರೆ ಮೀಟರ್, ಅಂದರೆ ಮೂರರಷ್ಟು. ಪಟ್ಟಿ ಇನ್ನೂ ಉದ್ದ ಇದ್ದಿದ್ದರೆ ಅದರ ಮುಂದಿನದು ಐದರಷ್ಟು, ಆಮೇಲೆ ಏಳರಷ್ಟು.

ವೇಗೋತ್ಕರ್ಷ = 2 × ದೂರ ÷ ಕಾಲದ ವರ್ಗ. 4ನ್ನು 29ರಿಂದ ಭಾಗಿಸಿದರೆ ಸುಮಾರು 0.14. ಈ ಅಂಕಿಯನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಡಿ.

ನೇರವಾಗಿ ಬೀಳುವಾಗ ಈ ಅಂಕಿ 9.8. ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಕೆಳಗೆ. 15 ಮೀಟರ್ ಎತ್ತರದ ಮರದಿಂದ ಬೀಳುವ ತೆಂಗಿನಕಾಯಿ ನೆಲ ಮುಟ್ಟುವಾಗ ಗಂಟೆಗೆ 60 ಕಿ.ಮೀ. ದಾಟಿರುತ್ತದೆ, ಮರದ ಕೆಳಗೆ ಕೂರಬೇಡ ಎಂದು ಅಜ್ಜಿ ಬೈಯುವುದಕ್ಕೆ ಲೆಕ್ಕದ ಆಧಾರ ಇದೆ. ಅದೇ ಎತ್ತರದಿಂದ ಅಡಿಕೆ ಬಿಟ್ಟರೂ ಹೆಚ್ಚುಕಡಿಮೆ ಒಟ್ಟಿಗೇ ಬೀಳುತ್ತದೆ. ಸಿಲ್ವರ್ ಓಕ್ ಎಲೆ ತೇಲುತ್ತಾ ಬರುವುದು ಹಗುರ ಎಂಬ ಕಾರಣಕ್ಕಷ್ಟೇ ಅಲ್ಲ, ಅದರ ಅಗಲಕ್ಕೆ ಗಾಳಿ ಅಡ್ಡ ಹಿಡಿಯುತ್ತದೆ. ಎಲೆಯನ್ನು ಉಂಡೆ ಮಾಡಿ ಬಿಟ್ಟು ನೋಡಿ, ತೂಕ ಅಷ್ಟೇ ಇದ್ದರೂ ಬೇಗ ಬೀಳುತ್ತದೆ.

ನಿಯಮಗಳು, ಘಾಟಿ ರೈಲು

ನ್ಯೂಟನ್ನನ ಮೊದಲ ನಿಯಮಕ್ಕೆ ಬಸ್ಸಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಬ್ರೇಕ್ ಬಿದ್ದಾಗ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅವರನ್ನು ಯಾರೂ ಮುಂದಕ್ಕೆ ತಳ್ಳಲಿಲ್ಲ. ಬಸ್ಸಿನ ನೆಲ ಪಾದವನ್ನು ಹಿಡಿದು ನಿಲ್ಲಿಸಿತು, ಮೈ ಮಾತ್ರ ಮೊದಲಿನ ವೇಗದಲ್ಲೇ ಹೋಗುತ್ತಿತ್ತು. ಇದೇ ಜಡತ್ವ. ಮೂರನೆಯ ನಿಯಮದಲ್ಲಿ ಒಂದೇ ಎಚ್ಚರ: ಕ್ರಿಯೆ, ಪ್ರತಿಕ್ರಿಯೆ ಸಮ ಮತ್ತು ವಿರುದ್ಧ ಎಂದ ತಕ್ಷಣ ಎರಡೂ ರದ್ದಾಗುತ್ತವೆ ಎಂದುಕೊಳ್ಳಬೇಡಿ. ದೋಣಿಯಿಂದ ದಡಕ್ಕೆ ಹಾರಿದರೆ ಒಂದು ಬಲ ನಿಮ್ಮ ಮೇಲೆ, ಇನ್ನೊಂದು ದೋಣಿಯ ಮೇಲೆ. ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ.

ಎರಡನೇ ನಿಯಮಕ್ಕೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ರೈಲು ಹಳಿ ಬೇಕು. 57 ಸುರಂಗಗಳಿರುವ ಈ ಘಟ್ಟದ ಹಳಿಯ ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ನಿಮ್ಮ ಪಟ್ಟಿ? 200 ಸೆಂ.ಮೀ.ಗೆ 4 ಸೆಂ.ಮೀ. ಅದೂ 50ಕ್ಕೆ 1! ಪುಸ್ತಕ ಇಟ್ಟು 4 ಸೆಂ.ಮೀ. ಎತ್ತರಿಸಲು ಹೇಳಿದ್ದು ಇದಕ್ಕೇ. ನೋಡಲು ಅಷ್ಟೇನೂ ಕಡಿದಲ್ಲ, ಆದರೆ 1000 ಟನ್ ರೈಲನ್ನು ಈ ಇಳಿಜಾರು ಕೆಳಕ್ಕೆ ಎಳೆಯುವ ಬಲ ಅದರ ತೂಕದ ಐವತ್ತನೇ ಒಂದು ಪಾಲು, ಸುಮಾರು 1,96,000 ನ್ಯೂಟನ್. ಗೂಡ್ಸ್ ರೈಲು ಮೇಲೆ ಬರುವಾಗ ಹಿಂದಿನಿಂದ ಹೆಚ್ಚುವರಿ ಎಂಜಿನ್ ಹಚ್ಚಿ ತಳ್ಳಿಸುವುದು ಯಾಕೆಂದು ಈಗ ಗೊತ್ತಾಗುತ್ತದೆ. ಆ ಬಲವನ್ನು ರಾಶಿಯಿಂದ, ಅಂದರೆ 10,00,000 ಕಿಲೋಗ್ರಾಮಿನಿಂದ ಭಾಗಿಸಿದರೆ ವೇಗೋತ್ಕರ್ಷ 0.196, ಸುಮಾರು 0.2. ಇದನ್ನೂ ಗೋಲಿಯ ಅಂಕಿಯ ಕೆಳಗೆ ಬರೆದಿಡಿ. ಘರ್ಷಣೆಯನ್ನು ಬದಿಗಿಟ್ಟರೆ, ಬ್ರೇಕಿಲ್ಲದೆ ಬಿಟ್ಟ ರೈಲು ಒಂದೇ ನಿಮಿಷದಲ್ಲಿ ಗಂಟೆಗೆ 40 ಕಿ.ಮೀ. ದಾಟುತ್ತದೆ.

ಹಾಗಾದರೆ ಅದೇ ಇಳಿಜಾರಿನಲ್ಲಿ ಗೋಲಿಗೆ 0.14 ಮಾತ್ರ ಯಾಕೆ ಬಂತು? ನಿಮ್ಮ ಅಳತೆ ತಪ್ಪಲ್ಲ. ಗೋಲಿ ಮುಂದೆ ಹೋಗುವುದರ ಜೊತೆಗೆ ಸುತ್ತಲೂ ಬೇಕು, ಗುರುತ್ವ ಕೊಟ್ಟದ್ದರಲ್ಲಿ ಒಂದು ಪಾಲು ಆ ಸುತ್ತುವಿಕೆಗೆ ಹೋಗುತ್ತದೆ. ಘನ ಗುಂಡಿಗೆ ಉಳಿಯುವುದು ಏಳರಲ್ಲಿ ಐದು ಪಾಲು. 0.196ನ್ನು 5ರಿಂದ ಗುಣಿಸಿ 7ರಿಂದ ಭಾಗಿಸಿ ನೋಡಿ. ರೈಲಿನಲ್ಲಿ ಸುತ್ತುವುದು ಗಾಲಿ ಮಾತ್ರ, ಮೇಲಿನ ಅಷ್ಟೂ ಭಾರ ಸುತ್ತದೆ ಸಾಗುತ್ತದೆ.

ಸಾಲಗಾಮೆ ರಸ್ತೆಯ ತಟ್ಟೆಗಳು

ಕೊನೆಯದು ವೃತ್ತೀಯ ಚಲನೆ, ಅದಕ್ಕೂ ದೂರ ಹೋಗಬೇಕಾಗಿಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ, ತಟ್ಟೆಯಂಥ ದೊಡ್ಡ ಆಂಟೆನಾಗಳು ಅದರವೇ. ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನೋಡಿಕೊಳ್ಳುವುದು ಇಲ್ಲಿಂದ ಮತ್ತು ಭೋಪಾಲಿನ ಕೇಂದ್ರದಿಂದ. ನೆಲದಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ಒಂದು ಸುತ್ತು ತಿರುಗುವ ಹೊತ್ತಿಗೆ ಅವೂ ಒಂದು ಸುತ್ತು ಬರುತ್ತವೆ. ಅದಕ್ಕೇ ನಿಮ್ಮ ಮನೆ ಮೇಲಿನ ಟಿವಿ ಡಿಶ್ಶನ್ನು ಒಂದು ಸಲ ಬಿಗಿದರೆ ಮತ್ತೆ ತಿರುಗಿಸಬೇಕಾಗಿಲ್ಲ.

ನಿಂತಂತೆ ಕಾಣುವ ಆ ಉಪಗ್ರಹದ ಜವ ಸೆಕೆಂಡಿಗೆ 3.07 ಕಿ.ಮೀ., ಗಂಟೆಗೆ ಸುಮಾರು 11,000 ಕಿ.ಮೀ. ಜವ ಬದಲಾಗುವುದಿಲ್ಲ, ದಿಕ್ಕು ಮಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ದಿಕ್ಕು ಬದಲಾದರೆ ವೇಗ ಬದಲಾದಂತೆ, ವೇಗ ಬದಲಾದರೆ ವೇಗೋತ್ಕರ್ಷ ಇರಲೇಬೇಕು. ಅದನ್ನು ಕಂಡುಹಿಡಿಯಲು ಜವದ ವರ್ಗವನ್ನು ಪಥದ ತ್ರಿಜ್ಯದಿಂದ ಭಾಗಿಸಬೇಕು. ತ್ರಿಜ್ಯವನ್ನು ಭೂಮಿಯ ಕೇಂದ್ರದಿಂದ ಹಿಡಿಯಬೇಕು, ನೆಲದಿಂದಲ್ಲ: 42,164 ಕಿ.ಮೀ. ಎರಡನ್ನೂ ಮೀಟರಿಗೆ ತಂದು ಭಾಗಿಸಿ. ನೋಟ್‌ಬುಕ್ಕಿನ ಮೂಲೆಯಲ್ಲಿ ಗೋಲಿಯ 0.14, ಅದರ ಕೆಳಗೆ ರೈಲಿನ 0.2 ಇದೆಯಲ್ಲ, ಅವುಗಳ ಕೆಳಗೆ ಉಪಗ್ರಹದ್ದನ್ನೂ ಬರೆದುಕೊಳ್ಳಿ: 0.22.